ನೀಲಿ ಬಳಿದ ಜಾಗ

ಅಮ್ಮಾ,

ಹೀಗೆ ಕಾಗದ ಬರೀತಿರೋದಕ್ಕೆ ಸಾರಿ. ಫೋನಲ್ಲಿ ಹೇಳೋಕೆ ಬಾಯೇ ಬರಲಿಲ್ಲ.

ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ಹೆಸರುಗಳಿಲ್ಲದ ಮ್ಯಾಪ್ ಕೊಟ್ಟು, ಮಳೆನೀರು ಹಿಡಿದಿಡೋ ಹೊಂಡಕ್ಕೆ ಜಾಗ ಹುಡುಕಿ ಅಂದರು. ಎಲ್ಲಕ್ಕಿಂತ ತಗ್ಗಿನ ಜಾಗಕ್ಕೆ ನೀಲಿ ಬಳಿದೆ. ಫುಲ್ ಮಾರ್ಕ್ಸ್ ಬಂತು. ಸರ್ ಅದನ್ನೇ ನಗರಸಭೆಗೆ ಕಳಿಸಿದರು, ಅವರೂ ಒಪ್ಪಿದರು. ನಿನ್ನೆ ಹೆಸರಿರೋ ಮ್ಯಾಪ್ ನೋಡಿದೆ. ಅದು ನಮ್ಮ ಬೀದಿ. ಹಾಸ್ಟೆಲಲ್ಲೇ ಬೆಳೆದ ನನಗೆ ಅದರ ತಿರುವೂ ಗುರುತು ಸಿಕ್ಕಿರಲಿಲ್ಲ.

"ಅಡುಗೆಮನೆಗೆ ನುಗ್ಗೋ ಈ ಚರಂಡಿ ನೀರಿಗೊಂದು ದಾರಿ ಮಾಡೇ ತಾಯಿ" ಅಂತ ನನಗೆ ಹೇಳ್ತಿದ್ದೆಯಲ್ಲ. ನಾನು ಗುರುತಿಸಿದ್ದರಲ್ಲಿ ತಪ್ಪು ಸಿಗಲಿ ಅಂತ ಮತ್ತೆ ಮೂರು ಸಲ ಲೆಕ್ಕ ಹಾಕಿದೆ. ಸಿಗಲಿಲ್ಲ.

ಅಪ್ಪನಿಗೆ ಈಗಲೇ ಹೇಳಬೇಡ. ಹೊಂಡಕ್ಕಾಗಿ ಕೆಡವೋ ಮನೆಗಳ ಗೋಡೆಗೆ ಮೊದಲು ಕೆಂಪು ನಂಬರ್ ಹಾಕ್ತಾರಂತೆ. ನಮ್ಮದಕ್ಕೆ ಹಾಕಿದ್ದಾರಾ? ಬೇಗ ಬರಿ.

ನಿನ್ನ ಮಗಳು