ಕಿರುಬೆರಳಿನ ದೂರು

೧೪, ಗುರುವಾರ.

ಜೋಮು ಹಿಡಿದ ನನ್ನ ಕಿರುಬೆರಳಿನ ಕಥೆಯನ್ನು ಮೊದಲು ಬಿಡಿಸಿ ಹೇಳಿದವರು ನರಗಳ ಡಾಕ್ಟರಮ್ಮ, ನಿನ್ನೆ ಮಧ್ಯಾಹ್ನ. ಗಡಿಯಾರದ ತಿರುಪು ಚಿಮುಟದಿಂದ ಜಾರತೊಡಗಿದಾಗಿನಿಂದ, ಕಸುಬೇ ಕೈಬಿಟ್ಟಿತೆಂದು ಹೆದರಿದ್ದೆ.

ಅವರು ಮಣಿಕಟ್ಟಿಗೂ ಮೊಣಕೈಗೂ ಚುರುಕ್ಕೆನ್ನುವಷ್ಟು ಕರೆಂಟು ಕೊಟ್ಟು ಪರದೆ ನೋಡಿದರು. ನರದೊಳಗೆ ಓಡುವ ಸುದ್ದಿ ಮೊಣಕೈ ದಾಟುವಲ್ಲಿ ಮಾತ್ರ ಕುಂಟುತ್ತಿತ್ತಂತೆ.

"ಕೆಲಸ ಮಾಡೋವಾಗ ಮೊಣಕೈ ಎಲ್ಲಿ ಊರ್ತೀರಿ?"

"ಮೇಜಿನ ಅಂಚಿಗೆ, ತಾಯಿ. ಮೂವತ್ತು ವರ್ಷದಿಂದ."

"ಅಲ್ಲೇ ನರ ನಲುಗಿದೆ. ಪೆಟ್ಟು ತಿಂದಿದ್ದು ಮೊಣಕೈ, ಅಳ್ತಿರೋದು ಬೆರಳು. ಊರೋದು ಬಿಡಿ, ಸರಿಹೋಗಬಹುದು."

ಎಂಥ ಸೋಜಿಗ! ಜೋಮು ಕಿರುಬೆರಳು, ಅದರ ಪಕ್ಕದ್ದರಲ್ಲಿ ಅರ್ಧ, ಹೀಗೆ ಒಂದೂವರೆ ಬೆರಳಿಗಷ್ಟೇ ಏಕೆಂದು ತಲೆ ಕೆಡಿಸಿಕೊಂಡಿದ್ದೆ. ಆ ನರದ ಪಾಲಿಗೆ ಬಂದಿರುವುದೇ ಅಷ್ಟಂತೆ.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ, ಅಂಗಡಿಯಲ್ಲಿ ನನ್ನ ಪಕ್ಕದ ಮೇಜಿನಲ್ಲೇ ದುಡಿಯುವ ಭಾವ ನಕ್ಕುಬಿಟ್ಟರು. "ಮೊಣಕೈ ಊರದೆ ಗಡಿಯಾರ ಬಿಚ್ತೀಯಾ? ಗಾಳೀಲಿ ತೇಲ್ತೀಯೇನೋ?"

ಇಂದು ಬೆಳಿಗ್ಗೆ ಅಂಗಡಿ ತೆರೆದವರೇ ಭಾವ "ನಂದೂ ನೋಡು" ಎಂದು ಎಡಗೈ ಚಾಚಿದರು. ಕಣ್ಣು ಮುಚ್ಚಿಸಿ, ಧೂಳು ಒರೆಸುವ ಕುಂಚದಿಂದ ಅವರ ಕಿರುಬೆರಳನ್ನು ಸವರಿದೆ.

"ಬೇಗ ಮುಟ್ಟೋ, ಗಿರಾಕಿ ಬರ್ತಾರೆ," ಎಂದರು.

ನಾನು ಆಗಲೇ ಎರಡನೇ ಸಲ ಸವರುತ್ತಿದ್ದೆ.