ತಿಮ್ಮಪ್ಪನಿಗೆ ಕೊಡದ ಮುಡಿ

ಆಗಸ್ಟ್ 4. ಬೆಳಗ್ಗೆ 5.10

ಹಾಲು ಕಾಯುವುದರೊಳಗೆ ನಾಲ್ಕು ಸಾಲು. ಐದೂ ಮುಕ್ಕಾಲಿಗೆ ಕಂಪನಿ ಬಸ್ಸು. ಸ್ಕಾರ್ಫ್ ಕಟ್ಟಿಯಾಯಿತು. ಅತ್ತೆ ಎದ್ದಿದ್ದಾರೆ, ಕೆಮ್ಮು ಕೇಳಿಸುತ್ತಿದೆ. ಮಂಡಿನೋವಿಗೆ ತೋರಿಸಬೇಕು ಅಂತ ಕೆಲಮಂಗಲದಿಂದ ಹೊಸೂರಿಗೆ ಬಂದು ಇವತ್ತಿಗೆ ಹನ್ನೆರಡು ದಿನ. ವಾರಕ್ಕೆ ಮೂರು ಸಲ ಫಿಸಿಯೋಥೆರಪಿ. ಇನ್ನೂ ಎರಡು ತಿಂಗಳು ಬೇಕು ಅಂದಿದ್ದಾರೆ ಡಾಕ್ಟರು. ಎರಡು ತಿಂಗಳು... ಮನೆಯೊಳಗೂ ಸ್ಕಾರ್ಫ್, ನಿದ್ದೆಯಲ್ಲೂ ಸ್ಕಾರ್ಫ್.

ಒಳ್ಳೆಯ ಹೆಂಗಸು. ಅದೇ ತೊಂದರೆ. ಬಜಾರಿ ಅತ್ತೆ ಆಗಿದ್ದರೆ ಸುಳ್ಳು ಹೇಳುವುದು ಎಷ್ಟು ಸುಲಭವಾಗುತ್ತಿತ್ತು.

ಹಾಲು ಉಕ್ಕುತ್ತಿದೆ.

ಆಗಸ್ಟ್ 4. ಸಂಜೆ

ಫ್ಯಾಕ್ಟರಿಯೇ ಸುಖ. ಗೇಟಿನೊಳಗೆ ಕಾಲಿಟ್ಟರೆ ಎಲ್ಲರ ತಲೆಗೂ ನೀಲಿ ಕ್ಯಾಪ್. ಸರ್ಕ್ಯೂಟ್ ಬೋರ್ಡಿನ ಮೇಲೆ ಒಂದು ಕೂದಲು ಬಿದ್ದರೂ ಇಡೀ ಟ್ರೇ ರಿಜೆಕ್ಟ್. ಸೂಪರ್‌ವೈಸರ್ ಮೇಡಂ ಹುಡುಗಿಯರ ಕಿವಿ ಹಿಂದೆಲ್ಲ ಇಣುಕಿ ನೋಡಿ ತಮಿಳಿನಲ್ಲಿ ಬೈಯುತ್ತಾರೆ. ನನ್ನನ್ನು ಒಂದು ಸಲವೂ ಬೈದಿಲ್ಲ. ಹೋದ ತಿಂಗಳು ನೋಟಿಸ್ ಬೋರ್ಡಿನಲ್ಲಿ ಹೆಸರು ಬೇರೆ — ಶ್ಯಾಮಲಾ ಎಂ., ಬೆಸ್ಟ್ ಹೈಜೀನ್. ಬಾತ್‌ರೂಮಿಗೆ ಹೋಗಿ ಒಬ್ಬಳೇ ನಕ್ಕೆ. ಆಮೇಲೆ ಅಳುವೂ ಬಂತು.

ಊಟದ ಹೊತ್ತಿನಲ್ಲಿ ಯೂಟ್ಯೂಬಿನ ವೆಂಕಟಲಕ್ಷ್ಮಿಯ ಅಡುಗೆ ವಿಡಿಯೋ. ಕ್ಯಾಂಟೀನಿನ ಕೊನೇ ಟೇಬಲ್, ಕಿವಿಗೆ ಇಯರ್‌ಫೋನ್. ಚಿಂತಾಮಣಿ ಕಡೆಯವಳಂತೆ. ತಲೆ ನನ್ನ ಹಾಗೇ, ನುಣ್ಣಗೆ. ಅವಳಿಗೆ ಹುಬ್ಬೂ ಇಲ್ಲ. ಅದರ ಬಗ್ಗೆ ಮಾತೇ ಎತ್ತುವುದಿಲ್ಲ, ಅದೇ ನನಗೆ ಆಶ್ಚರ್ಯ. ಇವತ್ತು ಹುರುಳಿಕಾಳಿನ ಬಸ್ಸಾರು ಮಾಡಿದಳು. ಒಗ್ಗರಣೆ ಸಿಡಿಯಿತು, ಹಿಂದಕ್ಕೆ ಹಾರಿ ನಕ್ಕಳು. ಕಿಟಕಿಯ ಬೆಳಕು ನೇರ ತಲೆಯ ಮೇಲೆ ಬೀಳುತ್ತಿತ್ತು. ಮುಚ್ಚಿಕೊಳ್ಳಲಿಲ್ಲ, ಸರಿದು ಕೂರಲೂ ಇಲ್ಲ. ಹನ್ನೊಂದು ನಿಮಿಷದ ವಿಡಿಯೋ, ಮೂರು ಸಲ ನೋಡಿದೆ. ಬಸ್ಸಾರು ನನಗೂ ಬರುತ್ತದೆ, ನೋಡಿದ್ದು ಅದನ್ನಲ್ಲ.

ಆಗಸ್ಟ್ 9. ಶ್ರಾವಣ ಶನಿವಾರ

ಪಕ್ಕದ ಮನೆಯ ಹನುಮಕ್ಕ ಕುಂಕುಮಕ್ಕೆ ಬಂದಿದ್ದರು. ಅತ್ತೆ ಶುರು ಮಾಡಿದರು. ನಾನು ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದೆ.

"ನನ್ ಮಗ ಸೂಳಗಿರಿ ಹತ್ರ ಬೈಕಿಂದ ಬಿದ್ದು ಆಸ್ಪತ್ರೇಲಿ ಮಲ್ಗಿದ್ನಲ್ಲ, ಆವಾಗ ಇವ್ಳು ತಿಮ್ಮಪ್ಪಂಗೆ ಮುಡಿ ಕೊಡ್ತೀನಿ ಅಂತ ಹರ್ಕೆ ಕಟ್ಕಂಡವ್ಳೆ. ಮೂರು ಕತ್ರಿ ಅಲ್ಲ ಕಣಮ್ಮ, ಪೂರ್ತಿ ತಲೆ. ಸೊಂಟದ್ ತಂಕ ಜಡೆ ಇತ್ತು. ಈ ವರ್ಷಾನೂ ಹೋಗಿ ಕೊಟ್ಬುಟ್ಟು ಬಂದವ್ಳೆ. ನಾವಾಗಿದ್ರೆ ಮಾಡ್ತಿದ್ವಾ?"

ಮುತ್ತೈದೆಯರು ತಿರುಪತಿಯಲ್ಲಿ ಮೂರು ಸಲ ಕತ್ತರಿ ಆಡಿಸಿ, ನಾಲ್ಕು ಎಳೆ ಕೊಟ್ಟು ಬರುವುದೇ ರೂಢಿ. ಹಾಗಾಗಿ ನಾನು ಈ ಬೀದಿಗೇ ದೊಡ್ಡ ಪತಿವ್ರತೆ.

ನಿಜವನ್ನು ಇಲ್ಲಿಯಾದರೂ ಬರೆದಿಡುತ್ತೇನೆ. ನಾನು ತಿರುಪತಿಗೆ ಹೋಗಿಯೇ ಇಲ್ಲ. ಮುನೀಶ್ ಆಸ್ಪತ್ರೆಯಿಂದ ಮನೆಗೆ ಬಂದ ತಿಂಗಳಿಗೆ ನನ್ನ ಕೂದಲು ಉದುರಲು ಶುರುವಾಯಿತು. ಮೊದಲು ರೂಪಾಯಿ ಅಗಲ, ಆಮೇಲೆ ಅಂಗೈ ಅಗಲ. ಬೆಂಗಳೂರಿನ ಡಾಕ್ಟರು ಅಲೋಪೇಶಿಯಾ ಅಂದರು. ಕೂದಲು ಮತ್ತೆ ಬರಬಹುದು, ಬರದೆಯೂ ಇರಬಹುದು ಅಂದರು. ಉಳಿದಿದ್ದನ್ನು ಮಾಲೂರಿನ ಮನೆಯಲ್ಲಿ ಅಮ್ಮನೇ ಬೋಳಿಸಿದಳು. "ಯಾರಾನ ಕೇಳಿದ್ರೆ ಗಂಡನ್ಗೋಸ್ಕರ ಮುಡಿ ಕೊಟ್ಟೆ ಅನ್ನು. ಯಾರೂ ಒಂದ್ ಮಾತೂ ಆಡಲ್ಲ," ಅಂದಳು. ಯಾರೂ ಆಡಲಿಲ್ಲ. ಕಾಲಿಗೆ ಬೀಳುವುದೊಂದು ಬಾಕಿ. ವರ್ಷವಾದರೂ ಕೂದಲು ಬರಲಿಲ್ಲ, ಅದಕ್ಕೆ ಇನ್ನೊಂದು ಹರಕೆಯ ಕಥೆ. ಆ ಎರಡನೇ ಮುಡಿಗೆ ಈಗ ಐದು ತಿಂಗಳು, ಕಿವಿ ಮುಚ್ಚುವಷ್ಟಾದರೂ ಬೆಳೆದಿರಬೇಕು. ತೋರ್ಸು ಅಂದರೆ ದೃಷ್ಟಿಯಾಗುತ್ತೆ ಅತ್ತೆ ಅನ್ನುತ್ತೇನೆ. ನಂಬುತ್ತಾರೆ.

ಸಂಜೆ ತಮ್ಮ ತಟ್ಟೆಯ ಒಬ್ಬಟ್ಟನ್ನೂ ನನ್ನ ತಟ್ಟೆಗೆ ಹಾಕಿದರು. ಅವರಿಗೆ ಪ್ರೀತಿ ಮುಡಿ ಕೊಟ್ಟ ಶ್ಯಾಮಲಾಳ ಮೇಲೆ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳ ಪಾಲಿನ ಒಬ್ಬಟ್ಟನ್ನು ನಾನು ತಿಂದೆ.

ಆಗಸ್ಟ್ 17

ವೆಂಕಟಲಕ್ಷ್ಮಿಗೆ ಕಾಮೆಂಟ್ ಹಾಕಿದೆ. ಬರೆದು, ಅಳಿಸಿ, ಮತ್ತೆ ಬರೆದು. "ಅಕ್ಕಾ, ಹೊರಗೆ ಹೋಗುವಾಗ ಏನು ಮಾಡ್ತೀರಿ?" ನನ್ನ ಅಕೌಂಟಿಗೆ ಮುಖವಿಲ್ಲ, ಗುಲಾಬಿ ಹೂವಿನ ಫೋಟೋ ಅಷ್ಟೆ.

ಒಂದು ಗಂಟೆಯಲ್ಲಿ ಉತ್ತರ ಬಂತು. "ಬಿಸಿಲಿದ್ರೆ ಛತ್ರಿ ಹಿಡ್ಕೋತೀನಿ ತಂಗಿ."

ಕೆಳಗೆ ಯಾರೋ ಗಂಡಸು ಮೊದಲು ವಿಗ್ ಹಾಕು ಅಂತ ಬರೆದಿದ್ದಾನೆ. ಅವನಿಗೆ ವಿಗ್ಗಿನ ಮಾತೇ ಎತ್ತದೆ ಹುಣಸೆಹಣ್ಣಿನ ಅಳತೆ ಹೇಳಿ ಉತ್ತರ ಕೊಟ್ಟಿದ್ದಾಳೆ. ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಇವಳು ನನ್ನ ಪಕ್ಕದ ಮನೆಯಲ್ಲಿ ಇರಬಾರದಿತ್ತೇ. ದಿನಾ ಒಂದು ಲೋಟ ಕಾಫಿ ಕುಡಿದು ಬರುತ್ತಿದ್ದೆ, ಸ್ಕಾರ್ಫ್ ಬಿಚ್ಚಿಟ್ಟು.

ಮನೆಗೆ ಬಂದು ಬಾತ್‌ರೂಮಿನಲ್ಲಿ ಫೋನು ನಿಲ್ಲಿಸಿ ನನ್ನದೇ ಒಂದು ನಿಮಿಷ ರೆಕಾರ್ಡ್ ಮಾಡಿದೆ. ಏನು ಮಾತಾಡಬೇಕೋ ಗೊತ್ತಾಗಲಿಲ್ಲ. ನಲ್ಲಿ ತೊಟ್ಟಿಕ್ಕುವ ಸದ್ದು, ನನ್ನ ಹೆದರಿದ ಮುಖ. ಡಿಲೀಟ್.

ಸೆಪ್ಟೆಂಬರ್ 6

ಇಪ್ಪತ್ತು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಇವತ್ತು ಇದೆ.

ತಿಂಡಿಗೆ ಕೂತಾಗ ಅತ್ತೆ ಮುನೀಶನಿಗೆ ಅಂದರು, "ಪುರಟಾಸಿ ತಿಂಗ್ಳು ತಿಮ್ಮಪ್ಪಂದು, ಆವಾಗ ಮೂರು ಜನಾನೂ ತಿರುಪತಿಗೆ ಹೋಗ್ಬುಟ್ಟು ಬರೋಣ. ನಿಮ್ಮಪ್ಪ ತೋಟ ಬುಟ್ಟು ಬರಲ್ಲ. ನಾನು ಮುಡಿ ಕೊಡ್ತೀನಿ. ಪೂರ್ತಿ."

ಮುನೀಶನ ಕೈಯ ಇಡ್ಲಿ ಕೈಯಲ್ಲೇ ಉಳಿಯಿತು. "ಯಾಕಮ್ಮ? ಮೂರು ಕತ್ರಿ ಕೊಟ್ರೆ ಸಾಕಲ್ಲ."

"ಇವ್ಳು ನಿನ್ಗೋಸ್ಕರ ತಲೆ ಕೊಟ್ಟವ್ಳೆ. ನಾನು ಇವ್ಳಿಗೋಸ್ಕರ ಕೊಡ್ಬಾರ್ದಾ? ಇವ್ಳ ಮಡ್ಲು ತುಂಬ್ಲಿ ಅಂತ ಕೇಳ್ಕಂಡಿದ್ದೀನಿ."

ಅತ್ತೆಗೆ ಅರವತ್ತೆರಡು. ಒಡವೆಯ ಆಸೆಯಿಲ್ಲ, ಸೀರೆಯ ಆಸೆಯಿಲ್ಲ. ಇರುವುದು ಒಂದೇ ಜಂಬ, ಆ ಕೂದಲು. ಅರ್ಧ ಬೆಳ್ಳಗಾಗಿದ್ದರೂ ಒಂದು ಹಿಡಿ ತುಂಬ ಇದೆ. ಶುಕ್ರವಾರ ಎಣ್ಣೆಸ್ನಾನ ಮಾಡಿ ಮಹಡಿಯ ಮೇಲೆ ಬಿಸಿಲಿಗೆ ಹರಡಿಕೊಂಡು ಕೂತರೆ, ದಾರಿಯಲ್ಲಿ ಹೋಗುವವರು ತಲೆಯೆತ್ತಿ ನೋಡಲಿ ಅಂತಲೇ ಗೋಡೆಯ ಪಕ್ಕ ಕೂರುವುದು. ಅದನ್ನು ನನ್ನ ಸುಳ್ಳಿಗೆ ಕೊಡುತ್ತಾರೆ.

ಸೆಪ್ಟೆಂಬರ್ 7

ಮುನೀಶನಿಗೆ ಹೇಳಿದೆ, ಅತ್ತೆಗೆ ನಿಜ ಹೇಳೋಣ ಅಂತ. "ಸುಮ್ನಿರು ಶ್ಯಾಮಿ. ಅಮ್ಮ ಖುಷಿಯಾಗವ್ಳೆ. ಕೂದ್ಲು ತಾನೆ, ಅವ್ಳಿಗೆ ಮತ್ತೆ ಬೆಳೀತದೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ನಾನು ಬಕೆಟ್ ಎತ್ತಿಕೊಂಡು ಬಟ್ಟೆ ಒಣಹಾಕಲು ಮೇಲೆ ಹೋದೆ.

ಸೆಪ್ಟೆಂಬರ್ 14. ಮಧ್ಯಾಹ್ನ

ವೆಂಕಟಲಕ್ಷ್ಮಿ ಇವತ್ತು ಬೆಳ್ಳುಳ್ಳಿ ಸುಲಿಯುತ್ತಾ ಮೊದಲ ಸಲ ತಲೆಯ ಮಾತು ಎತ್ತಿದಳು. "ಎಲ್ರೂ ಕೇಳ್ತೀರ, ಧೈರ್ಯ ಎಲ್ಲಿಂದ ಬಂತು ಅಂತ. ನಿಜ ಹೇಳ್ತೀನಿ. ಗಂಡನ ಊರಿಗೆ ಹೋದ್ರೆ ಇವತ್ಗೂ ವಿಗ್ ಹಾಕ್ತೀನಿ. ನಮ್ಮತ್ತೆ ಫೋನ್ ನೋಡಲ್ಲ, ಅವ್ರಿಗೆ ಗೊತ್ತಿಲ್ಲ. ಹೇಳಕ್ಕೆ ಹೆದ್ರಿಕೆ."

ಅಷ್ಟು ಹೇಳಿ ಇನ್ನೊಂದು ಗಡ್ಡೆ ಬಿಡಿಸಿದಳು.

ಮೋಸ. ಇಪ್ಪತ್ತೆರಡು ಸಾವಿರ ಜನರಿಗೆ ತೋರಿಸುವ ತಲೆಯನ್ನು ಒಬ್ಬ ಮುದುಕಿಗೆ ತೋರಿಸಲಾರಳಂತೆ. ಇವಳನ್ನು ನೋಡಿ ನಾನು ಏನೇನೋ ಅಂದುಕೊಂಡಿದ್ದೆ. ಅನ್‌ಸಬ್‌ಸ್ಕ್ರೈಬ್ ಮಾಡಿದೆ. ಊಟ ಸೇರಲಿಲ್ಲ.

ಸೆಪ್ಟೆಂಬರ್ 16

ಕೋಪ ಇಳಿದಿದೆ. ಮೋಸ ಅಲ್ಲ ಅದು. ಅತ್ತೆಯ ವಿಷಯ ಯಾರೂ ಕೇಳದೆ ಇರುವಾಗ, ತಾನಾಗಿ ಹೇಳಿಕೊಂಡಳು.

ನಾನು ಕಾಯುತ್ತಿದ್ದೆ. ಹೆದರಿಕೆ ಪೂರ್ತಿ ಹೋದ ಮೇಲೆ ಹೇಳೋಣ, ಕನ್ನಡಿಯಲ್ಲಿ ಈ ತಲೆ ನನಗೇ ಚೆನ್ನಾಗಿ ಕಂಡ ದಿನ ಹೇಳೋಣ ಅಂತ. ವೆಂಕಟಲಕ್ಷ್ಮಿಗೇ ಆ ದಿನ ಬಂದಿಲ್ಲ. ಬರದಿದ್ದರೂ ದಿನಾ ಬಂದು ಒಲೆ ಮುಂದೆ ಕೂರುತ್ತಾಳೆ. ಹಾಗಾದರೆ ಹೆದರಿಕೊಂಡೇ ಹೇಳಬೇಕು.

ಮತ್ತೆ ಸಬ್‌ಸ್ಕ್ರೈಬ್ ಮಾಡಿದೆ. ಒಬ್ಬಳು ಹೋಗಿ ಬಂದದ್ದು ಅವಳಿಗೆ ಗೊತ್ತೂ ಆಗಿರುವುದಿಲ್ಲ.

ಸೆಪ್ಟೆಂಬರ್ 24. ಸಂಜೆ

ಹೇಳಿದೆ.

ವೀಕ್ಲಿ ಆಫ್. ಅತ್ತೆ ಮಹಡಿಯ ಮೇಲೆ ರಾಗಿ ಒಣಹಾಕಿ ಕಾಗೆ ಓಡಿಸುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತು ಸ್ಕಾರ್ಫ್ ತೆಗೆದೆ. "ಅತ್ತೆ, ನಾನು ಮುಡಿ ಕೊಟ್ಟಿಲ್ಲ. ಒಂದ್ಸಲಾನೂ ಇಲ್ಲ. ಇದು ಕಾಯಿಲೆ. ನೀವು ನನಗೋಸ್ಕರ ಕೂದ್ಲು ಕೊಡಬೇಡಿ." ಅಷ್ಟನ್ನೂ ಒಂದೇ ಉಸಿರಿನಲ್ಲಿ.

ಒಂದು ಸಲ ನೋಡಿದರು. ಆಮೇಲೆ ನೀರಿನ ಟ್ಯಾಂಕಿನ ಕಡೆ ನೋಡುತ್ತಾ ಕೂತರು.

"ಮುನೀಶಂಗೆ ಗೊತ್ತಾ?"

"ಗೊತ್ತು."

"ನಿಮ್ಮಮ್ಮಂಗೆ?"

"ಗೊತ್ತು."

"ಹಂಗಾರೆ ನಂಗೊಬ್ಳಿಗೆ ಗೊತ್ತಿಲ್ಲ." ಹತ್ತಿರ ಬಂದ ಕಾಗೆಯನ್ನು ಓಡಿಸಿ, "ಹೇಳಕ್ಕೆ ತಿಮ್ಮಪ್ಪನ ಹೆಸ್ರೇ ಬೇಕಾಗಿತ್ತಾ? ಊರೆಲ್ಲಾ ಹೇಳ್ಕಂಡು ತಿರ್ಗಿದ್ನಲ್ಲ ನಾನು."

ಮಂಡಿ ಹಿಡಿದುಕೊಂಡು ಒಬ್ಬರೇ ಮೆಟ್ಟಿಲಿಳಿದರು. ಕೈ ಕೊಡಲು ಹೋದೆ, ಬೇಡ ಅಂದರು. ರಾಗಿಯನ್ನು ನಾನೇ ಬಾಚಿದೆ.

ಸೆಪ್ಟೆಂಬರ್ 27

ಮಾತಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾರೆ, ಅಷ್ಟೆ. ಮನೆಯೊಳಗೆ ಈಗ ಸ್ಕಾರ್ಫ್ ಇಲ್ಲ. ಫ್ಯಾನಿನ ಗಾಳಿ ನೇರ ತಲೆಗೆ ತಗಲುತ್ತದೆ. ಎರಡು ತಿಂಗಳಿನಿಂದ ಬಯಸಿದ್ದು ಇದನ್ನೇ, ಆದರೂ ಖುಷಿಯಿಲ್ಲ. ಅವರ ಹೊಗಳಿಕೆ ಕೇಳಿದರೆ ಮೈ ಉರಿಯುತ್ತಿತ್ತು, ಈಗ ಅದಕ್ಕಾಗಿಯೇ ಕಿವಿ ಕಾಯುತ್ತದೆ. ಎಂಥ ನಾಚಿಕೆಗೇಡು.

ಅಮ್ಮ ಫೋನಿನಲ್ಲಿ, "ಎಂಥಾ ಕೆಲ್ಸ ಮಾಡ್ಕಂಡೆ. ಚೆನ್ನಾಗಿ ನಡೀತಿತ್ತಲ್ಲ."

ಅಕ್ಟೋಬರ್ 2

ಮೊದಲ ಮಾತು. "ದೇವ್ರ ಹೆಸ್ರಲ್ಲಿ ಸುಳ್ಳಾಡಿದ್ದೀವಿ. ತಪ್ಪುಕಾಣಿಕೆ ಕಟ್ಬೇಕು."

ಹೀಗಾಗಿ ತಿರುಪತಿ ನಿಲ್ಲಲಿಲ್ಲ. ಹರಕೆಗೆ ಹೋಗಬೇಕಾಗಿದ್ದವರು ದಂಡಕ್ಕೆ ಹೋಗುತ್ತಿದ್ದೇವೆ. ಅರಿಶಿನದ ಬಟ್ಟೆಯಲ್ಲಿ ಒಂದೊಂದೇ ಕಾಣಿಕೆ ಇಟ್ಟು ಗಂಟು ಹಾಕಿದರು. ಒಂದು ಮುನೀಶನದು, ಒಂದು ಮಾಲೂರಿನ ಅಮ್ಮನದು, ಒಂದು ನನ್ನದು. ಆಮೇಲೆ ನಾಲ್ಕನೆಯದು.

"ಅದ್ಯಾರ್ದಮ್ಮ?" ಅಂದ ಮುನೀಶ್.

"ನಂದು. ಜಂಬ ಕೊಚ್ಕಂಡಿದ್ದಕ್ಕೆ."

ಕೂದಲು ಏನು ಮಾಡ್ತೀಯ ಅಂತಲೂ ಕೇಳಿದ. ಮೂರು ಕತ್ರಿ ಅಂದರು. ನನಗೆ ಉಸಿರು ಬಂತು. ಆದರೆ ಹೇಳಿದ್ದು ಮಗನಿಗೆ, ನನ್ನ ಮುಖ ನೋಡಿ ಅಲ್ಲ.

ಅಕ್ಟೋಬರ್ 7. ಸಂಜೆ 5.40

ನಾಳೆ ಬೆಳಗ್ಗೆ ಬಸ್ಸು. ತಿರುಪತಿಗೆ ಹೋಗುವವರ ಕೈಲಿ ಕಾಣಿಕೆ ಕಳಿಸಬೇಕು ಅಂತ ಬೀದಿಯ ಹೆಂಗಸರು ಬಂದು ಹಾಲ್‌ನಲ್ಲಿ ಕೂತಿದ್ದಾರೆ. ಐದಾರು ಜನ. ಸ್ನಾನ ಮಾಡಿ ಬಂದ ನಾನು ರೂಮಿನಲ್ಲೇ ಸಿಕ್ಕಿಕೊಂಡೆ. ಬಾಗಿಲು ಅರ್ಧ ಮುಚ್ಚಿದೆ, ಎಲ್ಲ ಕೇಳಿಸುತ್ತದೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈಗಷ್ಟೇ ಹನುಮಕ್ಕ ಅತ್ತೆಗೆ ಅಂದದ್ದು, "ಇದ್ನ ಶ್ಯಾಮಲಾ ಕೈಲಿ ಮುಟ್ಸಿ ಲಕ್ಷ್ಮೀದೇವಮ್ಮ. ತಲೆ ಕೊಟ್ಟ ಪುಣ್ಯವಂತೆ. ಅವ್ಳು ಮುಟ್ಟಿದ್ರೆ ನಮ್ಮುಡ್ಗೀಗೆ ಒಳ್ಳೇದಾಗ್ತದೆ."

ಅತ್ತೆ ಸುಮ್ಮನಿದ್ದುಬಿಡುತ್ತಾರೆ ಅಂದುಕೊಂಡೆ. ಸುಮ್ಮನಿದ್ದರೆ ಸಾಕು ಅಂತಲೂ ಅನ್ನಿಸಿತು, ಸುಳ್ಳು ಯಾಕೆ.

"ಅವ್ಳು ಮುಡಿ ಕೊಟ್ಟಿಲ್ಲ ಹನುಮಕ್ಕ. ನಾನು ನಿನ್ಗೆ ಹೇಳಿದ್ದು ಸುಳ್ಳು. ಕೂದ್ಲು ತಾನಾಗೇ ಉದ್ರೋಯ್ತು. ಇನ್ನು ಬತ್ತದೋ ಇಲ್ವೋ ಡಾಕ್ಟ್ರಿಗೂ ಗೊತ್ತಿಲ್ಲ."

ಯಾರೋ ಅಯ್ಯೋ ಪಾಪ ಅಂದರು.

"ಪಾಪ ಯಾಕೆ? ನನ್ ಮಗನ್ಗೋಸ್ಕರ ಏನಾನ ಕೊಟ್ರೇನಾ ಅವ್ಳು ನನ್ ಸೊಸೆ? ಅವ್ಳಿರೋದೇ ಹಂಗೆ."

ಗದರಿದ ದನಿ, ಅಕ್ಕರೆಯದಲ್ಲ. ಸುಳ್ಳು ಹೇಳಿದ್ದು ನಾನು, ಹೊತ್ತುಕೊಂಡದ್ದು ಅವರು. ಆ ಪುಣ್ಯವಂತೆ ಶ್ಯಾಮಲಾ ಹೋದಳು, ಎಲ್ಲರೆದುರೇ. ಉಳಿದವಳು ನಾನೊಬ್ಬಳೇ. ಅಳು ಬರುತ್ತಿದೆ, ಯಾವುದಕ್ಕೆ ಅಂತ ಗೊತ್ತಿಲ್ಲ.

ಕರೆಯುತ್ತಿದ್ದಾರೆ. "ಶ್ಯಾಮಲಾ, ಬಂದೋರ್ಗೆ ಕಾಫಿ ತಗಂಬಾ."

ಅಡುಗೆಮನೆಗೆ ಹಾಲ್ ದಾಟಿಯೇ ಹೋಗಬೇಕು. ಸ್ಕಾರ್ಫ್ ಮಹಡಿಯ ತಂತಿಯಲ್ಲಿ ಒಣಗುತ್ತಿದೆ. ಟವೆಲ್ ಇದೆ... ಬೇಡ. ಹೆದರಿಕೆ ಹೋಗಿಲ್ಲ. ಇನ್ನೊಂದು ಸಲ ಕರೆದರು, ಹೋಗ್ತೀನಿ, ಹೀಗೇ—