ಹಸಿರು ಟ್ರಕ್ಕಿನ ವಿಚಾರಣೆ

ಪ್ರೀತಿಯ ಚಿಕ್ಕಮ್ಮ,

ಇವತ್ತು ಕೋರ್ಟಿನಲ್ಲಿ ಆರೋಪಿ ಒಂದು ಟ್ರಕ್ಕು. ಕಾಗದದಲ್ಲಿ ಹಾಗೆಯೇ ಇದೆ: 'ಸರ್ಕಾರ ವಿರುದ್ಧ ಹಸಿರು ಪಿಕಪ್ ಟ್ರಕ್'. ಗಾಡಿ ಓಡಿಸುತ್ತಿದ್ದ ಮೊಮ್ಮಗನ ಜೇಬಿನಲ್ಲಿ ಗಾಂಜಾ ಸಿಕ್ಕಿತೆಂದು ಪೊಲೀಸರು ನಮ್ಮ ಕಕ್ಷಿದಾರರಾದ ಓಪಲ್ ಅಜ್ಜಿಯ ಆ ಗಾಡಿಯನ್ನೇ ಎಳೆದೊಯ್ದಿದ್ದಾರೆ. ಅಜ್ಜಿಯ ಮೇಲೆ ಯಾವ ಆರೋಪವೂ ಇಲ್ಲ. ಆದರೂ ಟ್ರಕ್ಕು ನಿರಪರಾಧಿಯೆಂದು ಅವರೇ ಸಾಬೀತು ಮಾಡಬೇಕಂತೆ, ಇಲ್ಲದಿದ್ದರೆ ಅದು ಸರ್ಕಾರದ ಪಾಲಂತೆ. ಗಾಡಿಯಿಲ್ಲದೆ ಅಜ್ಜಿ ನಲವತ್ತು ಮೈಲಿಯಾಚೆಯ ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಹೋಗುವುದು ಹೇಗೆ?

ಸರ್ಕಾರ ಚಿಕ್ಕದಾದಷ್ಟೂ ಒಳ್ಳೆಯದೆನ್ನುವ ನಮ್ಮ ಕಚೇರಿಯ ವಕೀಲರು, "ಸ್ವಾಮಿ, ಸರ್ಕಾರಕ್ಕೆ ಗಾಡಿ ಬೇಕಿದ್ರೆ ಎಲ್ಲರ ಹಾಗೆ ಕೊಂಡ್ಕೊಳ್ಳಲಿ" ಎಂದು ಗಂಟೆಗಟ್ಟಲೆ ವಾದಿಸಿದರು. ನ್ಯಾಯಾಧೀಶರು ಆಕಳಿಸಿ ಮಾರ್ಚ್‌ಗೆ ಮುಂದೂಡಿದರು. ಇದು ನಾಲ್ಕನೇ ಸಲ.

ಹೊರಗೆ ಪೊಲೀಸರ ತಂತಿಬೇಲಿಯೊಳಗೆ ಟ್ರಕ್ಕು ನಿಂತಿತ್ತು. ಅಜ್ಜಿ ಬೇಲಿಗೆ ಮುಖವಿಟ್ಟು, "ವಕೀಲರು ಬರೋ ತನಕ ಬಾಯಿ ಬಿಡಬೇಡ ಕಣೋ" ಎಂದರು. ಎಲ್ಲರೂ ನಕ್ಕರು. ಆಮೇಲೆ ನನ್ನ ತೋಳು ಹಿಡಿದು, "ನಿನ್ ಹತ್ರ ಕಾರಿದೆ ಅಲ್ವೇನಮ್ಮಾ?" ಎಂದು ಕೇಳಿದರು.

ನನ್ನ ಕೆಮ್ಮು ಇಳಿದಿದೆ, ನಿದ್ದೆ ಮಾತ್ರ ಸಾಲದು. ನಾಳೆ ಬೆಳಿಗ್ಗೆ ಐದಕ್ಕೆ ಅಜ್ಜಿಯನ್ನು ಕರೆದೊಯ್ಯಬೇಕು, ಮಾರ್ಚ್‌ವರೆಗೂ ಹೀಗೆಯೇ. ಕ್ರಿಸ್‌ಮಸ್ ವಾರವೂ ಡಯಾಲಿಸಿಸ್ ತಪ್ಪದು, ಹಬ್ಬದ ಊಟಕ್ಕೆ ನನ್ನ ತಟ್ಟೆ ಇಡಬೇಡಿ.

ನಿಮ್ಮ ಲೊರೀನ್